ಸೆರೆ

ಹಳಗನ್ನಡದಲ್ಲಿ ಇದು ‘ಸೆಱೆ’. ತೆಲುಗಿನಲ್ಲಿ ಚೆಱ, ತಮಿಳಿನಲ್ಲಿ ಸಿಱೈ. ತಮಿಳು ಪದಕ್ಕೆ ಬಂಧನವೆಂಬ ಅರ್ಥದ ಜೊತೆಗೆ ಒಡ್ಡು, ಕಟ್ಟೆ ಎಂಬ ಅರ್ಥವೂ ಇದೆ. ದ್ರಾವಿಡ ನಿರುಕ್ತಕೋಶ ರಚಿಸಿದ ಬರೋ ಮತ್ತು ಎಮೆನೋ ಇದೇ ಗುಂಪಿನಲ್ಲಿ ನಮ್ಮ ‘ಕೆರೆ’ಯನ್ನೂ ಇಟ್ಟಿದ್ದಾರೆ. ನಮ್ಮ ಕಿವಿ ತೆಲುಗರಿಗೆ ‘ಚೆವಿ’ ಆದಂತೆ, ಕನ್ನಡ ಉಳಿಸಿಕೊಂಡ ಕಕಾರ ನೆರೆಭಾಷೆಗಳಲ್ಲಿ ಚಕಾರವಾಯಿತು. ಹಾಗಾಗಿ ಕೆರೆ ನಮ್ಮದೇ ರೂಪ. ಸೆರೆ ನೆರೆಯಿಂದ ಬಂದಿರಬೇಕು. ಕುಡಿಯುವ ‘ಸೆರೆ’ ಬೇರೆಯೇ ಪದ.

ಯುದ್ಧದಲ್ಲಿ ಸಿಕ್ಕವನು ಸೆರೆಯಾಳು, ಅವನನ್ನಿಟ್ಟ ಜಾಗ ಸೆರೆಮನೆ. ಇಂದಿನ ಪತ್ರಿಕೆಗಳಲ್ಲಿ ಆರೋಪಿಯದು ‘ಬಂಧನ’, ಚಿರತೆಯದು ‘ಸೆರೆ’. ಬೋನಿಗೆ ಬಿದ್ದ ಚಿರತೆಯ ಮೇಲೆ ಮೊಕದ್ದಮೆಯಿಲ್ಲ; ಮುಂದೆ ಏನು ಮಾಡೀತೋ ಎಂಬ ಭಯವೇ ಸಾಕು. ಮುಂಜಾಗ್ರತಾ ಬಂಧನದ ತರ್ಕವೂ ಇದೇ. ಕರ್ನಾಟಕದಲ್ಲಿ ‘ಗೂಂಡಾ ಕಾಯ್ದೆ’ ಎಂದೇ ಹೆಸರಾದ 1985ರ ಕಾನೂನು ನಿಂತಿರುವುದು ಇದರ ಮೇಲೆ.

ಇಂಥ ಸೆರೆಯಲ್ಲಿರುವವನಿಗೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನಾಗಲಿ ವಕೀಲರ ಹಕ್ಕನ್ನಾಗಲಿ ಸಂವಿಧಾನದ 22ನೇ ವಿಧಿ ಕೊಡುವುದಿಲ್ಲ. ಆದರೆ ತೂಬಿಲ್ಲದ ಕೆರೆ ಕಟ್ಟಬಾರದೆಂಬ ಎಚ್ಚರವೂ ಅಲ್ಲೇ ಇದೆ: ಬಂಧನದ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು, ಅಹವಾಲಿಗೆ ಅವಕಾಶ ಕೊಡಬೇಕು, ಮೂರು ತಿಂಗಳು ಮೀರಿದರೆ ಸಲಹಾ ಮಂಡಳಿ ಒಪ್ಪಬೇಕು. ಹಿಂದಿ ಮಾತ್ರ ಬಲ್ಲವನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಾಗ, ಬಾಯಿಮಾತಿನ ಅನುವಾದ ಸಾಲದು ಎಂದು ಹರಿಕಿಸನ್ ಪ್ರಕರಣದಲ್ಲಿ (1962) ಸುಪ್ರೀಂ ಕೋರ್ಟ್ ಹೇಳಿತು. ತಿಳಿಯದ ಭಾಷೆಯಲ್ಲಿ ಕೊಟ್ಟ ಕಾರಣ ಕೊಡದ ಕಾರಣಕ್ಕೆ ಸಮ.

ತುರ್ತು ಪರಿಸ್ಥಿತಿಯಲ್ಲಿ ಈ ರಕ್ಷಣೆ ಕುಸಿಯಿತು. ಅಡ್ವಾಣಿ, ಮಧು ದಂಡವತೆ, ನಟಿ ಸ್ನೇಹಲತಾ ರೆಡ್ಡಿ ಅವರನ್ನು ‘ಮೀಸಾ’ ಎಂಬ ಮುಂಜಾಗ್ರತಾ ಬಂಧನದ ಕಾಯ್ದೆಯಡಿ ಇಟ್ಟಿದ್ದ ಬೆಂಗಳೂರಿನ ಸೆರೆಮನೆಯೇ ಇಂದಿನ ಫ್ರೀಡಂ ಪಾರ್ಕ್. ಇಂಥವರಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿಯೂ ಇಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪಿತ್ತರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ಬಿದ್ದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ.

ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಸೆರೆಯಲ್ಲಿಡಬಹುದಾದ ಆ ಮೂರು ತಿಂಗಳನ್ನು ಎರಡಕ್ಕೆ ಇಳಿಸಲು ಸಂಸತ್ತು 1978ರ 44ನೇ ತಿದ್ದುಪಡಿಯಲ್ಲೇ ಒಪ್ಪಿತ್ತು. ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಆಮೇಲಿನ ಯಾವ ಪಕ್ಷದ ಸರ್ಕಾರವೂ ಹೊರಡಿಸಿಲ್ಲ. ಆ ಸೆರೆಮನೆಯಲ್ಲಿದ್ದವರು ಅಧಿಕಾರಕ್ಕೆ ಬಂದಾಗಲೂ.