ಒಂದೇ ಕುಲದ ಎರಡು ಬೂಷ್ಟುಗಳು

ಹುನಗುಂದ, ಇಳಕಲ್ಲಿನ ಎರೆಸೀಮೆಯಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುವ ವಾಡಿಕೆಯಿತ್ತು. ನೆಲದೊಳಗೆ ತೋಡಿದ ಆ ಕಣಜವನ್ನು ಬಹುಕಾಲದ ಮೇಲೆ ತೆರೆದಾಗ ನಡುವಿನ ಕಾಳು ಚೆನ್ನಾಗಿದ್ದು, ಗೋಡೆಗೆ ತಗುಲಿದ ಕಾಳು ತೇವವನ್ನು ಹೀರಿ ಬೂಷ್ಟು ಹಿಡಿದಿರುತ್ತಿದ್ದುದುಂಟು. ಆ ಬೂಷ್ಟನ್ನು ನಾವು ಕೇಡೆಂದೇ ಬಲ್ಲೆವು. ನಮ್ಮ ಅಂಬಲಿಯನ್ನು ಹುಳಿಗೊಳಿಸುವುದು ಕೂಡ ಬೂಷ್ಟಲ್ಲ, ಬ್ಯಾಕ್ಟೀರಿಯಗಳು.

ಜಪಾನಿನವರಾದರೋ ಬೆಂದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಝೆ ಎಂಬ ಬೂಷ್ಟನ್ನು ಬೇಕೆಂದೇ ಬೆಳೆಸುತ್ತಾರೆ. ಕೋಜಿ ಎಂದು ಹೆಸರಾದ ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದಲೇ ಅವರಿಗೆ ಸಾಕೆ ಎಂಬ ಮದ್ಯ ದೊರೆಯುವುದು. 1907ರಲ್ಲಿ ಈ ಕೋಜಿಯಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಅದೇ ಕೋಜಿಕ್ ಆಮ್ಲ.

ಇದರ ದಾಯಾದಿಯ ಗುಟ್ಟು ಹೊರಬಿದ್ದುದು 1960ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿ ಬ್ರೆಜಿಲ್ ದೇಶದ ಶೇಂಗಾಹಿಂಡಿಯಿತ್ತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವಿತ್ತು. ಬೂಷ್ಟಿನ ಹೆಸರಿನ ಅಕ್ಷರಗಳನ್ನೇ ಕೂಡಿಸಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಕರೆದರು. ಇದು ಯಕೃತ್ತನ್ನು ಕೆಡಿಸುತ್ತದೆ, ಅರ್ಬುದವನ್ನೂ ತರಬಲ್ಲದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಮಿಕ್ಕಿ ಜನರು ಪ್ರಾಣ ಬಿಟ್ಟರು.

ಇವೆರಡೂ ಬರಿಯ ನೆಂಟರಲ್ಲ. ಫ್ಲೇವಸನ್ನು ಮನುಷ್ಯನು ಪಳಗಿಸಿದ್ದರಿಂದಲೇ ಒರೈಝೆಯಾಯಿತೆಂಬುದು ಪಂಡಿತರ ಮತ. 2005ರಲ್ಲಿ ಒರೈಝೆಯ ವಂಶವಾಹಿಗಳನ್ನು ಓದಿ ಮುಗಿಸಿದಾಗ ಅಫ್ಲಟಾಕ್ಸಿನ್ ತಯಾರಿಸುವ ವಂಶವಾಹಿಗಳು ಅಲ್ಲಿಯೂ ಕಂಡುಬಂದವು, ಆದರೆ ಕೆಲಸಮಾಡದ ಸ್ಥಿತಿಯಲ್ಲಿ. ಕೋಜಿಕ್ ಆಮ್ಲವನ್ನು ಎರಡೂ ತಯಾರಿಸಬಲ್ಲವು. ಮನೆಯಲ್ಲಿ ಕಂಡ ಹಸಿರುಹಳದಿ ಬೂಷ್ಟನ್ನು ಕಣ್ಣಳತೆಯಿಂದ ಸಾಧುವೆಂದು ನಂಬುವಂತಿಲ್ಲ.

ಬಾಗಲಕೋಟೆ, ಬಾದಾಮಿಗಳ ಕಡೆ ರೊಟ್ಟಿಯ ಮಗ್ಗುಲಲ್ಲಿ ಶೇಂಗಾಚಟ್ನಿ ಇಲ್ಲದ ಊಟ ಊಟವೇ ಅಲ್ಲ. ನಮಗೂ ಅದರ ಮೋಹ ಕಡಮೆಯಿಲ್ಲ. ಶೇಂಗಾ ಬಲಿಯುವಾಗ ಮಳೆ ಹೋದರೆ ಬೂಷ್ಟು ಮಣ್ಣಿನಲ್ಲಿಯೇ ಕಾಯಿಯನ್ನು ಹೊಗುತ್ತದೆ. ಕಿತ್ತ ಕಾಯಿ ಒಣಗುವ ಮೊದಲೇ ಚೀಲ ಸೇರಿದರೆ ಅಲ್ಲಿ ಹಬ್ಬುತ್ತದೆ. ಹುರಿದರೆ ಬೂಷ್ಟು ಸಾಯುವುದೇ ಹೊರತು ವಿಷವು ಪೂರ್ತಿಯಾಗಿ ಹೋಗುವುದಿಲ್ಲ. ಆದುದರಿಂದ ಕಾಯಿಯನ್ನು ಚೆನ್ನಾಗಿ ಒಣಗಿಸುವುದೂ, ಸುಕ್ಕಿದ, ಬಣ್ಣಗೆಟ್ಟ ಬೀಜವನ್ನು ಆರಿಸಿ ಚೆಲ್ಲುವುದೂ ಅಗತ್ಯ. ಆ ಬೀಜವನ್ನು ಗಾಣಕ್ಕೆ ಹಾಕಿದರೂ ತಪ್ಪಿದ್ದಲ್ಲ: ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಹಿಂಡಿಯನ್ನು ಎಮ್ಮೆ ತಿನ್ನುತ್ತದೆ, ಸ್ವಲ್ಪ ರೂಪ ಬದಲಿಸಿ ಅದು ಹಾಲಿನಲ್ಲಿ ಇಳಿದುಬರುತ್ತದೆ.