ಉಸುಕಿನ ಲೆಕ್ಕದಲ್ಲಿ ಸೇರದ ನೀರು



ಯಾದಗಿರಿ, ಶಹಾಪುರ, ಸುರಪುರ ಇವು ಮೂರೂ ಹೊಳೆದಂಡೆಯ ಸೀಮೆಗಳು. ದಕ್ಷಿಣದಲ್ಲಿ ಕೃಷ್ಣೆ, ನಡುವೆ ಭೀಮೆ, ಜಿಲ್ಲೆಯ ಅಂಚಿನಲ್ಲಿ ಇವೆರಡರ ಸಂಗಮ. ಆದರೂ ಬೇಸಿಗೆ ಬಂತೆಂದರೆ ದಂಡೆಯ ಊರುಗಳಲ್ಲಿಯೇ ಕುಡಿಯುವ ನೀರಿಗೆ ತೊಂದರೆ. ಮಳೆಯ ಕೊರತೆಯೊಂದನ್ನೇ ಇದಕ್ಕೆ ಕಾರಣವೆನ್ನಲಾಗದು. ನಾವು ನೀರಿಗೂ ಉಸುಕಿಗೂ ಬೇರೆ ಬೇರೆ ಲೆಕ್ಕವಿಟ್ಟು, ಉಸುಕಿನೊಳಗಿನ ನೀರನ್ನು ಎರಡರಲ್ಲಿಯೂ ಬರೆಯದೆ ಬಿಟ್ಟ ಇತಿಹಾಸವೂ ಇದರ ಹಿಂದಿದೆ.

ಹೊಳೆ ಬತ್ತಿದಾಗ ಉಸುಕಿನಲ್ಲಿ ಮೊಳದುದ್ದ ಗುಂಡಿ ತೋಡಿ, ಒರತೆಯಲ್ಲಿ ಜಿನುಗಿದ ನೀರನ್ನು ತಂಬಿಗೆಯಿಂದ ಕೊಡಕ್ಕೆ ತುಂಬಿಕೊಳ್ಳುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲರೂ ಬಲ್ಲರು. ಆ ನೀರು ಎಷ್ಟಿರಬಹುದು? ಒಂದು ಹೆಕ್ಟೇರು ವಿಸ್ತಾರದಲ್ಲಿ 2 ಮೀಟರು ಆಳದ ಉಸುಕಿದೆಯೆಂದು ತಿಳಿಯಿರಿ. ಒಟ್ಟು 20,000 ಘನ ಮೀಟರು. ನೀರು ತುಂಬಿದ ಉಸುಕಿನಿಂದ ಅದರ ಗಾತ್ರದ ಐದನೆಯ ಒಂದಂಶದಷ್ಟು ನೀರು ಬಸಿದು ಬರುವುದೆಂದು ಹಿಡಿದರೆ 4,000 ಘನ ಮೀಟರು, ಅಂದರೆ 40 ಲಕ್ಷ ಲೀಟರು. ತಲೆಗೆ ದಿನಕ್ಕೆ 55 ಲೀಟರಿನಂತೆ ಎರಡು ಸಾವಿರ ಜನರ ಊರಿಗೆ ಇದು 36 ದಿನ ಸಾಕು. ಉಸುಕು ಇರುವವರೆಗೆ ಪ್ರತಿ ಪ್ರವಾಹವೂ ಈ ಕಣಜವನ್ನು ತುಂಬಿ ಹೋಗುತ್ತದೆ. ಉಸುಕನ್ನು ಹೊತ್ತೊಯ್ದರೆ ಹೋಗುವುದು ಒಂದು ವರ್ಷದ ನೀರಲ್ಲ, ಕಣಜವೇ ಹೋಗುತ್ತದೆ.

ನೀರನ್ನು ಕೂಡಿಡುವ ವಿವೇಕ ಈ ನಾಡಿಗೆ ಹೊಸದಲ್ಲ. ಸುರಪುರದ ನಾಯಕ ಅರಸರು ಕಟ್ಟಿಸಿದ ಬೋನಾಳ ಕೆರೆಯನ್ನು, 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ವಿಸ್ತರಿಸಿದನು. ಇಂದು ಅದು ಪಕ್ಷಿಧಾಮ. ಆ ಬಳಿಕ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. 1982ರಲ್ಲಿ ನಾರಾಯಣಪುರದ ಬಸವಸಾಗರ ಪೂರ್ಣಗೊಂಡಿತು. ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರಗಳ ಹೊಲಗಳು ಗದ್ದೆಗಳಾದವು.

ಈ ಪಾಠ ಮಾಡುವಾಗ ಟಿ.ಎಂ.ಸಿ. ಎಂದರೇನೆಂದು ನೀವು ಕೇಳುತ್ತಿದ್ದಿರಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಾಧಿಕರಣವು 1973ರಲ್ಲಿ ವರದಿಯನ್ನೂ 1976ರಲ್ಲಿ ಅಂತಿಮ ಆದೇಶವನ್ನೂ ಕೊಟ್ಟು, ಕರ್ನಾಟಕಕ್ಕೆ 700 ಟಿ.ಎಂ.ಸಿ. ನೀರನ್ನು ಹಂಚಿತು. ಹೊಲಕ್ಕೆ ಹರಿದ ನೀರಿನಲ್ಲಿ ಒಂದಂಶ ಬಸಿದು ನದಿಗೆ ಮರಳುತ್ತದೆಂಬುದನ್ನು ಗುರುತಿಸಿ, ಆ ಮರುಹರಿವಿನಲ್ಲಿಯೂ 34 ಟಿ.ಎಂ.ಸಿ.ಯ ಪಾಲನ್ನು ಸೇರಿಸಿತು. ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ ಅದೇ ಆದೇಶ, ಅಂತರ್ಜಲದ ಬಳಕೆಯನ್ನು ಕೃಷ್ಣೆಯ ನೀರಿನ ಬಳಕೆಯೆಂದು ಎಣಿಸತಕ್ಕದ್ದಲ್ಲವೆಂದೂ ಹೇಳಿತು. ರಾಜ್ಯಗಳ ನಡುವಿನ ಹಂಚಿಕೆಗೆ ಅದು ಅನುಕೂಲವಾಗಿದ್ದಿರಬಹುದು. ಆದರೆ ಹೊಳೆಯ ಅಡಿಯ ನೀರು ನದಿಯ ಲೆಕ್ಕದಿಂದ ಹೊರಗುಳಿಯಿತು.

ಇನ್ನು ಉಸುಕಿನ ಲೆಕ್ಕ. 1957ರ ಗಣಿ ಮತ್ತು ಖನಿಜಗಳ ಕಾಯಿದೆಯು ಉಸುಕು, ಜಲ್ಲಿಗಳನ್ನು ಉಪಖನಿಜಗಳೆಂದು ಕರೆದು, ಅವುಗಳ ನಿಯಮ ರಚನೆಯನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕದ ನಿಯಮಗಳು 1994ರಲ್ಲಿ ಬಂದವು. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ, ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2016 ಮತ್ತು 2020ರ ಕೇಂದ್ರ ಮಾರ್ಗಸೂಚಿಗಳು, ತೆಗೆದ ಉಸುಕು ಮಳೆಗಾಲದಲ್ಲಿ ಎಷ್ಟು ಮರಳಿ ತುಂಬಿತೆಂದು ಅಳೆಯಲು ಹೇಳಿದವು. ಇವೆಲ್ಲವೂ ಒಳ್ಳೆಯ ಹೆಜ್ಜೆಗಳೇ. ಆದರೆ ಅಳತೆಗೆ ಸಿಕ್ಕಿದ್ದು ಉಸುಕು ಮಾತ್ರ. ಉಸುಕಿನೊಡನೆ ಹೋದ ನೀರನ್ನು ಅಗೆದವನು ತುಂಬಿಕೊಡಬೇಕೆಂಬ ಮಾತು ಅಲ್ಲಿಲ್ಲ.

ಉಸುಕು ತಾನಾಗಿಯೇ ಮರಳುವುದೂ ಈಗ ಕಷ್ಟ. ಕೃಷ್ಣೆಯ ಉಸುಕನ್ನು ನಾರಾಯಣಪುರವೂ, ಭೀಮೆಯದನ್ನು 1980ರಲ್ಲಿ ಪೂರ್ಣಗೊಂಡ ಮಹಾರಾಷ್ಟ್ರದ ಉಜನಿ ಅಣೆಕಟ್ಟೂ ತಡೆದಿರಿಸುತ್ತವೆ. ಇನ್ನೊಂದು ನಷ್ಟವೂ ಇದೆ. ಉಸುಕಿನ ಎರಡಡಿ ಕೆಳಗಿನ ನೀರನ್ನು ಬಿಸಿಲು ಹೆಚ್ಚಾಗಿ ಮುಟ್ಟಲಾರದು. ಯಂತ್ರ ತೋಡಿದ ಗುಂಡಿಯಲ್ಲಿ ಅದೇ ನೀರು ಬಯಲಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಯಲು ನೀರು ಅರ್ಧ ಮೀಟರು ಆವಿಯಾಗುವುದೆಂದು ಹಿಡಿದರೂ, ಒಂದು ಹೆಕ್ಟೇರು ಗುಂಡಿಯಿಂದ 50 ಲಕ್ಷ ಲೀಟರು ಗಾಳಿಗೆ ಹೋಗುತ್ತದೆ.

ಈ ನಷ್ಟಕ್ಕೆ ಬೆಲೆ ಕಟ್ಟಿದ ನಾಡೊಂದುಂಟು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮೊದಲು ಬಳಸಿದವನಿಗೇ ನದಿಯ ನೀರಿನ ಮೇಲೆ ಮೊದಲ ಹಕ್ಕು. ಅಲ್ಲಿನ ನದಿಬಯಲುಗಳಲ್ಲಿ ಜಲ್ಲಿಗಾಗಿ ಗುಂಡಿ ತೋಡಿದಾಗ ಅಂತರ್ಜಲ ಬಯಲಾಗಿ ಆವಿಯಾಯಿತು. ಕೆಳಗಿನ ರೈತರ ನೀರು ಕಡಿಮೆಯಾಗುವುದೆಂದು ವಾದ ನಡೆಯಿತು. 1988ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅಂತಹ ಗುಂಡಿಯೂ ಒಂದು ಬಾವಿಯೇ ಎಂದಿತು. 1989ರಲ್ಲಿ ಕಾಯಿದೆಯೂ ಬಂದಿತು. 1980ರ ಅಂತ್ಯಕ್ಕೆ ಮೊದಲೇ ಬಯಲಾದ ಗುಂಡಿಗಳನ್ನು ಬಿಟ್ಟು, ಉಳಿದವರು ಆವಿಯಾಗುವಷ್ಟು ನೀರನ್ನು ನದಿಗೆ ತುಂಬಿಕೊಡಬೇಕು. ಕೆಲವರು ಹಳೆಯ ಕಾಲುವೆಯ ಹಕ್ಕನ್ನು ಕೊಂಡು ಆ ನೀರನ್ನು ನದಿಗೆ ಬಿಡುತ್ತಾರೆ. ಕೆಲವರು ಗುಂಡಿಯ ಸುತ್ತ ಜೇಡಿಯ ಗೋಡೆಯಿಳಿಸಿ ಅಂತರ್ಜಲವನ್ನು ಬೇರ್ಪಡಿಸಿ, ಗುಂಡಿಯನ್ನೇ ಜಲಾಶಯವಾಗಿಸುತ್ತಾರೆ.

ಆ ಕಾಯಿದೆಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮ್ಮಲ್ಲಿ ಕೊಂಡು ಬಿಡಲು ಹೆಚ್ಚಿನ ನೀರೂ ಇಲ್ಲ. ಆದರೆ ಅದರ ತತ್ತ್ವ ನಮಗೂ ಸಲ್ಲುತ್ತದೆ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯಿದೆಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಅವುಗಳ ಹಣಕ್ಕೆ ಕುಡಿಯುವ ನೀರು ಒಂದು ಮುಖ್ಯ ಬಾಬತ್ತು. ಉಸುಕು ತೆಗೆದ ಊರಿಗೆ ಎಷ್ಟು ಲೀಟರು ನಷ್ಟವಾಯಿತೆಂದು ಮೊದಲು ಅಳೆದು, ಆ ಅಳತೆಗೆ ತಕ್ಕಂತೆ ಅದೇ ಊರಿನ ಕೆರೆಯ ಹೂಳೆತ್ತುವುದಕ್ಕೋ, ಹಳ್ಳಕ್ಕೆ ಒಡ್ಡು ಕಟ್ಟುವುದಕ್ಕೋ ಹಣ ಕೊಡಬಹುದು.

ನಿಮ್ಮಲ್ಲಿ ಕೆಲವರು ಎಂಜಿನಿಯರರು, ಕೆಲವರು ಪಂಚಾಯಿತಿ ಸದಸ್ಯರು, ಕೆಲವರು ಟಿಪ್ಪರಿನ ಮಾಲೀಕರು. ಯಾರನ್ನೂ ದೂಷಿಸುವುದು ನನ್ನ ಉದ್ದೇಶವಲ್ಲ. ನಮ್ಮೆಲ್ಲರ ಮನೆಗಳೂ ಇದೇ ಉಸುಕಿನಿಂದ ಎದ್ದಿವೆ. 2016ರ ಜನವರಿಯ ಕೇಂದ್ರ ಅಧಿಸೂಚನೆಯಂತೆ, ಜಿಲ್ಲೆಯ ಉಸುಕಿನ ಸಮೀಕ್ಷಾ ವರದಿಯ ಕರಡನ್ನು 21 ದಿನ ಸಾರ್ವಜನಿಕರ ಮುಂದಿಡಬೇಕು. ಮುಂದಿನ ಕರಡು ಬಂದಾಗ ಒಂದು ಪ್ರಶ್ನೆಯನ್ನಾದರೂ ಬರೆದು ಕಳುಹಿಸಿರಿ: ಈ ಉಸುಕಿನೊಡನೆ ಹೋಗುವ ನೀರೆಷ್ಟು, ಅದನ್ನು ತುಂಬಿಕೊಡುವವರು ಯಾರು? ಗ್ರಾಮಸಭೆಯಲ್ಲಿಯೂ ಇದನ್ನೇ ಕೇಳಿರಿ. ಉತ್ತರ ದೊರೆತವರು ನನಗೂ ತಿಳಿಸಿರಿ.