ಆದಿಕಾಂಡ ಮತ್ತು ಡಾರ್ವಿನ್: ಜಗಳ ಯಾರದು?

ವಿಕಾಸವಾದ ಹೊರಬಿದ್ದ ದಿನವೇ ಕ್ರೈಸ್ತ ಧರ್ಮ ಅದರ ಮೇಲೆ ಯುದ್ಧ ಸಾರಿತೆಂದು ಬಹಳ ಮಂದಿ ನಂಬಿದ್ದಾರೆ. ಇತಿಹಾಸ ಅಷ್ಟು ಸರಳವಾಗಿಲ್ಲ. ಡಾರ್ವಿನ್ನನ 'ಜೀವಿಜಾತಿಗಳ ಉಗಮ' ಪ್ರಕಟವಾದದ್ದು 1859ರ ನವೆಂಬರಿನಲ್ಲಿ. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ ಅದನ್ನೋದಿ ಬರೆದ ಮೆಚ್ಚುಗೆಯ ಮಾತು ಎರಡನೆಯ ಆವೃತ್ತಿಯಲ್ಲೇ ಸೇರಿತು. ಅಮೆರಿಕದಲ್ಲಿ ಡಾರ್ವಿನ್ ಪರ ವಾದಕ್ಕಿಳಿದ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ನಿಷ್ಠಾವಂತ ಕ್ರೈಸ್ತ. 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಜ್ಞಾನಿಗಳ ಸಮಾವೇಶದಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ ಪರ ವಿಜ್ಞಾನಿ ಹಕ್ಸ್ಲಿ ವಿಕಾಸದ ಬಗ್ಗೆ ಮಾತಿಗೆ ಮಾತು ಬೆಳೆಸಿದ್ದು ಎಲ್ಲರಿಗೂ ಗೊತ್ತು. ಅದೇ ಸಮಾವೇಶದಲ್ಲಿ ವಿಜ್ಞಾನ ಮತ್ತು ಧರ್ಮದ ನಂಟಿನ ಬಗ್ಗೆ ಉಪದೇಶ ಮಾಡಿದ ಫ್ರೆಡರಿಕ್ ಟೆಂಪಲ್ ಮುಂದೆ ವಿಕಾಸವನ್ನು ಬಹಿರಂಗವಾಗಿ ಒಪ್ಪಿದ, 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನೂ ಆದ. ಇದನ್ನು ಯಾರೂ ನೆನೆಯುವುದಿಲ್ಲ.

ವಿರೋಧ ಇರಲಿಲ್ಲವೆಂದಲ್ಲ. ಡಾರ್ವಿನ್‌ವಾದವೆಂದರೆ ನಾಸ್ತಿಕತೆ ಎಂದು ಪ್ರಿನ್ಸ್‌ಟನ್ನಿನ ದೇವಶಾಸ್ತ್ರಜ್ಞ ಚಾರ್ಲ್ಸ್ ಹಾಜ್ 1874ರಲ್ಲಿ ಖಡಾಖಂಡಿತವಾಗಿ ಬರೆದ. ಆದರೆ ಭೂಮಿಗೆ ಎಷ್ಟು ವಯಸ್ಸೆಂಬುದು ಅವನ ತಕರಾರಾಗಿರಲಿಲ್ಲ. ಸೃಷ್ಟಿಯಲ್ಲಿ ಉದ್ದೇಶವೇ ಇಲ್ಲವೆಂಬ ಮಾತು ಅವನಿಗೆ ಸಹಿಸಲಾಗಲಿಲ್ಲ. ನನ್ನ ಮಟ್ಟಿಗೆ ಇಡೀ ವಿವಾದದಲ್ಲಿ ಗಂಭೀರವಾದ ಪ್ರಶ್ನೆ ಅದೊಂದೇ.

ಭೂಮಿಯ ವಯಸ್ಸಿನ ಬಗ್ಗೆ ಹಟ ಅರ್ಧ ಶತಮಾನದ ಬಳಿಕವೂ ಕಾಣಲಿಲ್ಲ. 1925ರ ಜುಲೈನಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ, ಕಾನೂನು ನಿಷೇಧಿಸಿದ್ದರೂ ವಿಕಾಸವಾದ ಕಲಿಸಿದ ಆರೋಪದ ಮೇಲೆ ಶಿಕ್ಷಕ ಜಾನ್ ಸ್ಕೋಪ್ಸ್‌ನ ವಿಚಾರಣೆ ನಡೆಯಿತು. ಒಂದು ದಿನ ಕಲಾಪ ನ್ಯಾಯಾಲಯದ ಹೊರಗಿನ ಹುಲ್ಲುಹಾಸಿಗೆ ಬಂತು. ಬೈಬಲ್ ಪರ ನಿಂತಿದ್ದ ವಿಲಿಯಂ ಜೆನಿಂಗ್ಸ್ ಬ್ರಯನ್‌ನನ್ನೇ ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ ಸಾಕ್ಷಿಯಾಗಿ ಕರೆದು ಪಾಟೀಸವಾಲಿಗೆ ಒಡ್ಡಿದ. ಬೈಬಲ್ಲಿನ ಆದಿಕಾಂಡ ಹೇಳುವ ಸೃಷ್ಟಿಯ ಆರು ದಿನಗಳೆಂದರೆ 24 ಗಂಟೆಯ ದಿನಗಳೇ? ಹಾಗೇನೂ ಅಲ್ಲ, ಅವು ದೀರ್ಘ ಯುಗಗಳಿರಬಹುದು ಎಂದ ಬ್ರಯನ್! ವಿಕಾಸವಾದದ ಕಡುವೈರಿಯೇ ಅಷ್ಟು ಸಡಿಲಿಕೆ ತೋರಿದ್ದ. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು, ಮೇಲ್ಮನವಿಯಲ್ಲಿ ರದ್ದಾಯಿತು.

ಭೂಮಿಗೆ ಕೆಲವೇ ಸಾವಿರ ವರ್ಷ, ಬಂಡೆಯ ಪದರಗಳೆಲ್ಲ ನೋಹನ ಜಲಪ್ರಳಯದ ಕೆಸರು ಎಂಬ ವಾದಕ್ಕೆ ಬಲ ಬಂದದ್ದು ಆಮೇಲೆ. ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ ಬಿತ್ತಿದ್ದನ್ನು ದೇವಶಾಸ್ತ್ರಜ್ಞ ವಿಟ್‌ಕಾಂಬ್ ಮತ್ತು ಜಲ ಎಂಜಿನಿಯರ್ ಹೆನ್ರಿ ಮಾರಿಸ್ 1961ರ ತಮ್ಮ ಪುಸ್ತಕದಿಂದ ಮನೆಮನೆಗೆ ಮುಟ್ಟಿಸಿದರು. ಇತ್ತ ಕ್ಯಾಥೊಲಿಕ್ ಸಭೆ ಬೇರೆ ದಾರಿ ಹಿಡಿದಿತ್ತು: ದೇಹದ ವಿಕಾಸವನ್ನು ಸಂಶೋಧಿಸಿ, ಆತ್ಮ ಮಾತ್ರ ದೇವರ ನೇರ ಸೃಷ್ಟಿ ಎಂದು 1950ರಲ್ಲಿ ಪೋಪ್ 12ನೇ ಪಯಸ್ ಅನುಮತಿಸಿದ್ದರು. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದೆಂದು 1996ರಲ್ಲಿ ಪೋಪ್ 2ನೇ ಜಾನ್ ಪಾಲ್ ಒಪ್ಪಿದರು.

ಶಾಲೆಗಳಲ್ಲಿ ವಿಕಾಸವಾದ ಕಲಿಸಿದರೆ, ಬೈಬಲ್ಲಿನ ಸೃಷ್ಟಿಕಥೆಗೆ ವಿಜ್ಞಾನದ ವೇಷ ತೊಡಿಸಿದ 'ಸೃಷ್ಟಿವಿಜ್ಞಾನ'ವನ್ನೂ ಕಲಿಸಬೇಕೆಂಬ ಲೂಸಿಯಾನದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹೊಡೆದುಹಾಕಿತು. ಆಗ ಅದೇ ಸರಕು, ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿತೆನ್ನುವ 'ಬುದ್ಧಿವಂತ ವಿನ್ಯಾಸ' ಎಂಬ ಹೊಸ ಹೆಸರಿನಲ್ಲಿ ಬಂತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲೆಗಳಲ್ಲಿ ಅದನ್ನು ಹೇಳಿಕೊಡುವುದರ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಆ ಪಂಥದ ಪಠ್ಯಪುಸ್ತಕದ ಹಳೆಯ ಕರಡುಗಳನ್ನು ತೆರೆದು ನೋಡಿದರೆ, 'ಸೃಷ್ಟಿವಾದಿಗಳು' ಎಂದಿದ್ದಲ್ಲೆಲ್ಲ 'ವಿನ್ಯಾಸ ಪ್ರತಿಪಾದಕರು' ಎಂದು ತಿದ್ದಲಾಗಿತ್ತು; ಒಂದು ಕಡೆಯಂತೂ ತಿದ್ದುವ ಅವಸರದಲ್ಲಿ ಎರಡೂ ಪದ ಅರ್ಧಂಬರ್ಧ ಅಂಟಿಕೊಂಡು ಉಳಿದಿದ್ದವು. ಬುದ್ಧಿವಂತ ವಿನ್ಯಾಸ ವಿಜ್ಞಾನವಲ್ಲವೆಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪಿತ್ತ. ಅದರ ವಿರುದ್ಧ ಮೊದಲು ಸಾಕ್ಷಿ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್ ಕ್ರೈಸ್ತ. ಅದೇ ಪಕ್ಷದಿಂದ ಸಾಕ್ಷಿಗೆ ನಿಂತ ಜಾನ್ ಹಾಟ್ ಕ್ಯಾಥೊಲಿಕ್ ದೇವಶಾಸ್ತ್ರಜ್ಞ.